ನಾಲಿಗೆಗೆ ರಜೆ

ಫೆಬ್ರವರಿ ೩, ಬೆಳಿಗ್ಗೆ

ಮತ್ತೆ ಅದೇ. ಕಣ್ಣು ಬಿಡುವ ಮೊದಲೇ ಬಾಯಿ ಹುಳಿ. ಮಂಚದ ತಲೆದಿಕ್ಕಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾಯಿತು. ಆಸಿಡ್ ಕೆಳಗಿಳಿಯುತ್ತದಂತೆ. ಇಳಿಯುವುದು ನಾನು. ಬೆಳಗಾಗುವಷ್ಟರಲ್ಲಿ ಕಾಲ್ದೆಸೆಯಲ್ಲಿ ಮುದ್ದೆಯಾಗಿರುತ್ತೇನೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಜಾರುಬಂಡೆಯಿಂದ ಬಿದ್ದ ಮಗುವಿನ ಹಾಗಿದ್ದೀಯ ಅಂದಳು.

ಕಾಫಿ ಮಾಡಿಕೊಂಡೆ. ದಿನಕ್ಕೆ ಅರ್ಧ ಲೋಟ ಸಾಕು ಎಂದಿದ್ದಾರೆ ಡಾಕ್ಟರ್. ಅರ್ಧವೇ. ಲೋಟ ಮಾತ್ರ ದೊಡ್ಡದು ಮಾಡಿಕೊಂಡಿದ್ದೇನೆ — ಅದರ ಬಗ್ಗೆ ಅವರು ಏನೂ ಹೇಳಿಲ್ಲ.

ಮೊದಲ ಗುಟುಕಿಗೆ ಸುಖ. ಎರಡನೆಯದಕ್ಕೂ ಸುಖ. ಮೂರನೆಯದು ಎದೆಗೂಡಿನ ಹಿಂದೆ ಎಲ್ಲೋ ನಿಂತು, ಯೋಚನೆ ಮಾಡಿ, ಮತ್ತೆ ಮೇಲಕ್ಕೇ ಬಂತು. ಕುಡಿದದ್ದನ್ನೇ ಎರಡು ಸಲ ರುಚಿ ನೋಡುವ ಭಾಗ್ಯ. ರುಚಿ ನೋಡುವುದೇ ನನ್ನ ಕೆಲಸ ಆದ್ದರಿಂದ ಓವರ್‌ಟೈಮ್ ಕೇಳಬೇಕು.

ಫೆಬ್ರವರಿ ೬

ಹೊಸ ಕಾಫಿ ಬೆಳೆಯ ಸ್ಯಾಂಪಲ್‌ಗಳು ಬರತೊಡಗಿವೆ. ಬೆಳಿಗ್ಗೆಯಿಂದ ಮೇಜಿನ ಸುತ್ತ ತಿರುಗಾಟ. ಸಾಲಾಗಿ ಬಿಳಿ ಬಟ್ಟಲು, ತಳದಲ್ಲಿ ಪುಡಿ, ಮೇಲೆ ಬಿಸಿನೀರು. ಕೆನೆಗಟ್ಟಿದ್ದನ್ನು ಚಮಚದಿಂದ ಒಡೆದು, ಮೂಗು ಬಗ್ಗಿಸಿ, ಆಮೇಲೆ ಒಂದೊಂದೇ ಚಮಚ ಸುರ್ರ್ ಎಂದು ಎಳೆದು, ಬಾಯಿ ತುಂಬ ಆಡಿಸಿ, ಡಬ್ಬಕ್ಕೆ ಉಗುಳುವುದು. ಹೊರಗಿನವರು ನೋಡಿದರೆ ನಮಗೆಲ್ಲ ತಲೆ ಕೆಟ್ಟಿದೆ ಅಂದುಕೊಂಡಾರು. ಆದರೆ ಕಂಪನಿ ಯಾವ ಲಾಟ್ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಈ ಸುರ್ರ್‌ನಿಂದಲೇ ತೀರ್ಮಾನ. ತಲೆಗೂದಲು ಕಪ್ಪಗಿದ್ದಾಗಿನಿಂದ ಆ ತೀರ್ಮಾನ ನನ್ನದು.

ಎಲ್ಲವನ್ನೂ ಉಗುಳುವುದಿಲ್ಲ. ಮನಸ್ಸಿಗೆ ಬಂದ ಲಾಟ್ ಆದರೆ ಕೊನೆಯ ಚಮಚ ನುಂಗುತ್ತೇನೆ. ಗಂಟಲಿಳಿದ ಮೇಲೆ ವಾಪಸ್ ಬರುವ ಒಂದು ಎಳೆ ರುಚಿ ಇರುತ್ತದೆ. ಅದು ಸಿಗದಿದ್ದರೆ ಅರ್ಧ ಮಾತು ಕೇಳಿ ಎದ್ದು ಬಂದ ಹಾಗೆ.

ಗುಬ್ಬಿ ಇವತ್ತು ಚೆನ್ನಾಗಿ ನೋಡಿದಳು. ನನ್ನ ಜೂನಿಯರ್. ಕೊಕ್ಕಿನ ಹಾಗೆ ತುಟಿ ಚೂಪು ಮಾಡಿ ಚಮಚ ಎಳೆಯುತ್ತಾಳೆ, ಅದಕ್ಕೇ ಆ ಹೆಸರು ಇಟ್ಟದ್ದು. ನಮ್ಮ ಕೋಣೆಯಲ್ಲಿ ಒಂದು ಶಿಸ್ತು. ಎಲ್ಲರೂ ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಆಮೇಲೆ ಮೊದಲ ಮಾತು ನನ್ನದು. ಗುಬ್ಬಿ ತನ್ನ ಅಭಿಪ್ರಾಯವನ್ನು ನನ್ನದರ ಪಕ್ಕ ಇಟ್ಟು ನೋಡುತ್ತಾಳೆ. ಬೇರೆ ಬಂದಿದ್ದರೆ ವಾಪಸ್ ಹೋಗಿ ಕುಡಿದು, ನನ್ನದಕ್ಕೆ ಹೊಂದುವವರೆಗೂ ತಿದ್ದಿಕೊಳ್ಳುತ್ತಾಳೆ. ಗೋಡೆ ಗಡಿಯಾರ ನೋಡಿ ಕೈಗಡಿಯಾರದ ಮುಳ್ಳು ತಿರುಗಿಸಿಕೊಂಡ ಹಾಗೆ. ನಾನು ಕಲಿತದ್ದೂ ಹೀಗೆಯೇ. ಈ ಕೆಲಸ ಬಾಯಿಂದ ಬಾಯಿಗೇ ಹೋಗಬೇಕು, ಬೇರೆ ದಾರಿ ಇಲ್ಲ.

ಸಂಜೆ ಎದೆಯಲ್ಲಿ ಕೆಂಡ. ಬಸ್ಸಲ್ಲಿ ನಿಂತೇ ಬಂದೆ. ಕೂತರೆ ಹೆಚ್ಚು.

ಫೆಬ್ರವರಿ ೧೧

ಗಂಟಲೊಳಗೆ ಟ್ಯೂಬ್ ಹಾಕಿ ನೋಡಿದರು. ಅನ್ನನಾಳ ಕೆಂಪಗೆ ಕೆರೆದುಹೋಗಿದೆಯಂತೆ. ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದರು. ನನ್ನದೇ ಒಳಗು, ನೋಡಲು ಸಂಕೋಚವಾಯಿತು.

ಕಾಫಿ ಬಂದ್. ಟೀ ಬಂದ್. ಸೋಡ, ಕಿತ್ತಳೆ ಜ್ಯೂಸ್, ಚಾಕೊಲೇಟ್, ಮಲಗುವ ಮುಂಚಿನ ತಿಂಡಿ ಎಲ್ಲ ಬಂದ್. ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಇನ್ನು ಏನು ಉಳಿಯಿತು ಎಂದು ಕೇಳಿದೆ. ನೀರು ಇದೆಯಲ್ಲ ಅಂದರು. ಒಳ್ಳೆಯ ಡಾಕ್ಟರ್. ಬಾಯಿ ಬಡುಕ ಅಲ್ಲ. ಆದರೂ ಒಂದು ಕ್ಷಣ ಕತ್ತು ಹಿಸುಕಬೇಕು ಅನ್ನಿಸಿತು.

ಕೆಲಸದ ಬಗ್ಗೆ ಕೇಳಿದರು. ಅಲ್ಲಿ ಉಗುಳುತ್ತೇನೆ ಎಂದೆ. "ಎಲ್ಲಾನೂ ಉಗೀತೀರಾ?" ಎಂದರು. ಎಲ್ಲಾನೂ ಎಂದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಡಾಕ್ಟರ ಹತ್ತಿರ ಸುಳ್ಳು ಹೇಳುವ ವಯಸ್ಸೇ ಇದು?

ಫೆಬ್ರವರಿ ೧೪

ವಿಷಯ ಅಕ್ಕನ ಕೈಗೆ ಹೋಗಿದೆ. ಇನ್ನು ಮುಗಿಯಿತು. ಭಾವ ಹೋದ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು. ಬಟ್ಟೆ ಹೊಲಿಸಲು ಬರುವ ಹೆಂಗಸರೆಲ್ಲ ಈಗ ನನ್ನ ಹೊಟ್ಟೆಯ ತಜ್ಞರು. ಒಬ್ಬೊಬ್ಬರದು ಒಂದೊಂದು ಔಷಧ.

ಬಾರ್ಲಿ ನೀರು: ನೆನೆದ ಗೋಡೆಯ ರುಚಿ. ಉಪಕಾರವೂ ಇಲ್ಲ, ಅಪಕಾರವೂ ಇಲ್ಲ.

ತಣ್ಣನೆ ಹಾಲು: ಹೋಗುವಾಗ ಸ್ವರ್ಗ. ಒಂದು ಗಂಟೆ ಬಿಟ್ಟು ಬಡ್ಡಿ ಸಮೇತ ಉರಿ.

ಶುಂಠಿ ಕಷಾಯ: ನಿನ್ನೆ ಸ್ವಲ್ಪ ಹಾಯೆನಿಸಿತು ಎಂದು ಬಾಯಿತಪ್ಪಿ ಹೇಳಿದೆ. ಇವತ್ತು ಶುಂಠಿ ಎರಡರಷ್ಟು. ಕಿವಿಯಲ್ಲಿ ಹೊಗೆ ಬಂತು.

ಪುದೀನ ಟೀ: ಪಕ್ಕದ ಮನೆ ಟೀಚರ್ ತಂದುಕೊಟ್ಟರು, ಹೊಟ್ಟೆಗೆ ತಂಪು ಎಂದು. ಡಾಕ್ಟರಿಗೆ ಫೋನ್ ಮಾಡಿದರೆ ಅದನ್ನು ಮುಟ್ಟಲೇಬೇಡಿ, ಹೊಟ್ಟೆಯ ಮೇಲಿನ ಬಾಗಿಲು ಸಡಿಲವಾಗುತ್ತೆ ಅಂದರು. ಟೀಚರಿಗೆ ಹೇಳಲಿಲ್ಲ. ದಿನಾ ಗೇಟಿನ ಹತ್ತಿರ ನಿಂತು ಹೇಗಿದೆ ಎಂದು ಕೇಳುತ್ತಾರೆ. ಪರವಾಗಿಲ್ಲ ಎನ್ನುತ್ತೇನೆ. ಗಿಡದ ಬುಡಕ್ಕೆ ಹಾಕುತ್ತಿದ್ದೇನೆ.

ಫೆಬ್ರವರಿ ೧೭

ಬಿಡಲು ಆಗುತ್ತಿಲ್ಲ. ಬರೆದುಬಿಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ. ಆಗುತ್ತಿಲ್ಲ.

ಹೊಟ್ಟೆಯನ್ನು ಪುಸಲಾಯಿಸುವ ದಾರಿಗಳನ್ನೆಲ್ಲ ನೋಡಿದೆ. ಕಪ್ಪಗೆ ಹುರಿದ ಬೀಜ ಹೊಟ್ಟೆಗೆ ಮೃದು ಅನ್ನುತ್ತಾರೆ. ಅದನ್ನೂ ಕೊಂಡು ತಂದೆ. ಎಂಥ ಬೀಜವನ್ನೂ ಅಷ್ಟು ಹುರಿದರೆ ಇದ್ದಿಲು. ನಾನು ಜೀವಮಾನವಿಡೀ ಮೂಗು ಮುರಿದ ಕಾಫಿ ಅದು. ಕಣ್ಣು ಮುಚ್ಚಿ ಕುಡಿದೆ. ಉರಿ ಸ್ವಲ್ಪ ಕಡಿಮೆ, ಅವಮಾನ ಜಾಸ್ತಿ.

ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ: ತೀರಿಕೊಂಡವರ ಫೋಟೋ ಜೊತೆ ಮಾತಾಡಿದ ಹಾಗೆ.

ತಣ್ಣೀರಲ್ಲಿ ನೆನೆಸಿಟ್ಟು ಸೋಸಿದ್ದು: ಇದು ವಾಸಿ. ಹುಳಿ ಕಡಿಮೆ ಇಳಿಯುತ್ತದೆ. ಎರಡು ದಿನ ಗೆದ್ದೆ ಅಂದುಕೊಂಡೆ. ಇವತ್ತು ಬಗ್ಗಿ ಶೂ ಲೇಸ್ ಕಟ್ಟುವಾಗ ಪೂರ್ತಿ ಗಂಟಲಿಗೆ ಬಂತು. ಒಂದು ಕಾಲಿನ ಲೇಸ್ ಹಾಗೇ ಬಿಟ್ಟು ಆಫೀಸಿಗೆ ಹೋದೆ.

ಫೆಬ್ರವರಿ ೨೦

ಬೆಟ್ಟದ ತೋಟದ ದೊಡ್ಡ ಲಾಟ್ ಬಂತು. ಮ್ಯಾನೇಜರ್ ಬೆಳಿಗ್ಗೆಯಿಂದ ಬಾಗಿಲ ಹತ್ತಿರವೇ ಸುಳಿದಾಡುತ್ತಿದ್ದ. ಮುಂದಿನ ತಿಂಗಳ ಸರಕೆಲ್ಲ ಅದರ ಮೇಲೆ ನಿಂತಿದೆ.

ಎರಡು ಸುತ್ತು ನೋಡಿದೆ. ಮೃದು, ಶುಚಿ, ಹಣ್ಣಿನ ಒಂದು ಸಣ್ಣ ಸಿಹಿ. ಹುಳಿ ತಕ್ಕಮಟ್ಟಿಗೆ. ಕೊನೆಯ ಚಮಚ ನುಂಗಿದೆ. ಒಳ್ಳೆಯದು, ತಗೊಳ್ಳಿ ಎಂದೆ. ಗುಬ್ಬಿ ವಾಪಸ್ ಹೋಗಿ ಇನ್ನೊಂದು ಸಲ ಎಳೆದಳು. ಮತ್ತೊಂದು ಸಲ. ಹಣೆ ಗಂಟಿಕ್ಕಿತ್ತು. ಏನು ಎಂದು ಕೇಳಿದೆ. ಏನಿಲ್ಲ ಸರ್, ನನ್ನದೇ ಸ್ವಲ್ಪ ಆಚೀಚೆ ಇತ್ತು, ಸರಿಹೋಯಿತು ಎಂದಳು.

ಸದ್ಯ, ಇದೊಂದಾದರೂ ಇನ್ನೂ ನನ್ನ ಕೈಲಿದೆ. ಹೊಟ್ಟೆ ಏನಾದರೂ ಮಾಡಿಕೊಳ್ಳಲಿ. ನಾಲಿಗೆ ಸರಿಯಾಗಿದ್ದರೆ ನಾನು ಸರಿಯಾಗಿದ್ದೇನೆ.

ಮಾರ್ಚ್ ೧೯

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಉರಿ, ಮಾತ್ರೆ, ಉರಿ.

ಇವತ್ತು ಇದೆ.

ಮೂರು ಗಂಟೆಗೆ ಮ್ಯಾನೇಜರ್ ಕರೆಸಿದ. ಮೇಜಿನ ಮೇಲೆ ನಮ್ಮದೇ ಪೊಟ್ಟಣಗಳು, ಒಡೆದವು. ಬೆಟ್ಟದ ಲಾಟ್. ಅಂಗಡಿಗಳವರು ವಾಪಸ್ ಕಳಿಸುತ್ತಿದ್ದಾರೆ. ಹುಳಿತ ವಾಸನೆ, ಕೆಟ್ಟ ಹುಳಿ, ವಿನೆಗರ್ ಹಾಕಿದ ಹಾಗಿದೆ ಎಂದು ದೂರು. ಹಣ್ಣು ಕಿತ್ತ ಮೇಲೆ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟು ಹುಳಿಯಿಸಿದರೆ ಬೀಜಕ್ಕೆ ಹೀಗಾಗುತ್ತದೆ. ಇಂಥದ್ದನ್ನು ಹಿಡಿಯಲೆಂದೇ ನನಗೆ ಸಂಬಳ.

ಆಗುವುದೇ ಇಲ್ಲ ಎಂದೆ. ದನಿ ಎತ್ತರಿಸಿದೆ. ಗೋದಾಮಿನಲ್ಲಿ ಒದ್ದೆಯಾಗಿರಬೇಕು, ಹುರಿಯುವವನು ಕೆಡಿಸಿರಬೇಕು ಎಂದೆ. ಎತ್ತಿಟ್ಟಿದ್ದ ಮೂಲ ಸ್ಯಾಂಪಲ್ ತರಿಸಿದೆ. ಎಲ್ಲರೆದುರು ಬಟ್ಟಲು ಇಡಿಸಿದೆ. ನಾನೇ ಮೊದಲು ಎಳೆದೆ. ಮೃದು, ಶುಚಿ. ನೋಡಿ ಈಗ ಎಂದು ಚಮಚ ಕೆಳಗಿಟ್ಟೆ.

ಆಮೇಲೆ ಹುರಿಯುವವನು ಎಳೆದ. ಮುಖ ಕಿವುಚಿದ. ಮ್ಯಾನೇಜರ್ ಎಳೆದ, ತಕ್ಷಣ ಉಗುಳಿದ. ಅಕೌಂಟ್ಸ್‌ನವರು ಸುಮ್ಮನೆ ಇಣುಕಲು ಬಂದವರು; ಅವರಿಗೂ ಒಂದು ಚಮಚ ಕೊಟ್ಟರು. ಥೂ ಅಂದರು. ದಿನಾ ಎಂಥದ್ದೋ ಇನ್‌ಸ್ಟಂಟ್ ಕುಡಿಯುವ ಮನುಷ್ಯ. ಅವರಿಗೆ ಗೊತ್ತಾಯಿತು.

ಮತ್ತೆ ಎಳೆದೆ. ಏನೂ ಇಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮಾರ್ಚ್ ೨೦, ಬೆಳಿಗ್ಗೆ

ಅರ್ಥವಾಯಿತು. ಹಲ್ಲುಜ್ಜುವಾಗ ಹೊಳೆಯಿತು. ನನ್ನ ಬಾಯಿ ಯಾವಾಗಲೂ ಹುಳಿ. ಏಳುವಾಗ, ಮಲಗುವಾಗ, ಮೇಜಿನ ಮುಂದೆ ನಿಂತಾಗ. ಮನೆಯಲ್ಲೇ ಇರುವ ಗದ್ದಲ ಮನೆಯವರಿಗೆ ಕೇಳಿಸುವುದಿಲ್ಲ. ಹಾಗೆ ಹುಳಿ ಎಂಬುದೇ ನನ್ನ ಪಾಲಿಗೆ ಇಲ್ಲವಾಗಿದೆ. ಎಷ್ಟು ತಿಂಗಳಿಂದ?

ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಕೊಯ್ದು ನೆಕ್ಕಿದೆ. ತಣ್ಣಗಿದೆ, ಚುರುಕ್ಕೆನ್ನುತ್ತದೆ. ಇನ್ನೂ ಜೋರಾಗಿರಬೇಕಿತ್ತಲ್ಲವೇ? ಮೊದಲು ಹೇಗಿತ್ತು ಎಂಬುದೇ ನೆನಪಿಗೆ ಬರುತ್ತಿಲ್ಲ. ಅಕ್ಕ ನೋಡಿದಳು. ನಿಂಬೆಹಣ್ಣು ತಿನ್ನಬೇಡ ಅಂದಿದ್ದಾರಲ್ಲೋ ಎಂದು ಕಿತ್ತುಕೊಂಡಳು.

ಮಾರ್ಚ್ ೨೦, ಸಂಜೆ

ಗುಬ್ಬಿಯನ್ನು ಕೇಳಿದೆ. ಕೋಣೆಯಲ್ಲಿ ಇಬ್ಬರೇ. ಬಟ್ಟಲು ತೊಳೆಯುತ್ತಿದ್ದಳು. ಅವತ್ತು ನಿನಗೆ ಗೊತ್ತಾಗಿತ್ತಾ ಎಂದೆ.

"ಮೊದಲ್ನೇ ಚಮಚಕ್ಕೇ ಗೊತ್ತಾಯ್ತು ಸರ್. ಆದ್ರೆ ನೀವು ಶುಚಿ ಅಂದ್ರಿ. ನನ್ನದೇ ತಪ್ಪಿರ್ಬೇಕು ಅಂದ್ಕೊಂಡೆ."

ಹೇಳಬಾರದಿತ್ತಾ ಎಂದೆ. ತಲೆ ಬಗ್ಗಿಸಿದಳು. ಆಮೇಲೆ ಹೇಳಿದ್ದು ಇದು — ಎಂಟು ಹತ್ತು ಲಾಟ್‌ಗಳಿಂದ ಹೀಗೇ ಆಗುತ್ತಿತ್ತಂತೆ. ತನಗೆ ಹುಳಿ ಎನಿಸಿದ್ದಕ್ಕೆಲ್ಲ ನಾನು ಮೃದು ಎನ್ನುತ್ತಿದ್ದೆನಂತೆ. ನನ್ನ ನಾಲಿಗೆ ಹಾಳಾಗುತ್ತಿದೆ ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ. ತನ್ನದೇ ಹಾಳಾಗಿದೆ ಎಂದು ಭಯಪಟ್ಟಳು. ಮನೆಗೆ ಸ್ಯಾಂಪಲ್ ಒಯ್ದು, ಭಾನುವಾರಗಳಲ್ಲಿ ಕೂತು, ಆ ಹುಳಿಯನ್ನು ಮೃದು ಎಂದು ಒಪ್ಪಿಕೊಳ್ಳುವವರೆಗೆ ಕುಡಿದಳು. ನನಗೆ ಸರಿಹೊಂದಲಿ ಎಂದು.

"ಈಗ ನನಗೂ ಅಷ್ಟೊಂದು ಗೊತ್ತಾಗಲ್ಲ ಸರ್."

ಅವಳು ಬಂದಾಗ ಅಂಥ ನಾಲಿಗೆ — ನೀರಿನ ಕೊಳಾಯಿ ಬದಲಾದರೂ ಹೇಳಿಬಿಡುತ್ತಿದ್ದಳು. ಕೆಟ್ಟ ಗಡಿಯಾರ ನೋಡಿ ಒಳ್ಳೆಯದರ ಮುಳ್ಳು ತಿರುಗಿಸುವಂತೆ ಮಾಡಿದ್ದೇನೆ.

ನನ್ನ ನಾಲಿಗೆ ಹೋದರೆ ನನ್ನ ಹಣೆಬರಹ. ಅವಳದನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ ಎಂಬುದು ಎದೆಯುರಿಗಿಂತ ಕೆಟ್ಟದಾಗಿ ಸುಡುತ್ತಿದೆ.

ಮಾರ್ಚ್ ೨೨

ಮ್ಯಾನೇಜರ್ ಒಳ್ಳೆಯ ಮಾತಿನಲ್ಲೇ ಹೇಳಿದ. ನನಗಿಂತ ಎಷ್ಟೋ ಚಿಕ್ಕವನು, ಕೂತು ಮಾತಾಡಲು ಅವನಿಗೇ ಮುಜುಗರ. ನಾಲಿಗೆಗೆ ಸ್ವಲ್ಪ ರಜೆ ಕೊಡಿ ಸರ್ ಅಂದ. ಕಾಫಿಯ ಹತ್ತಿರವೇ ಸುಳಿಯಬೇಡಿ, ಮನೇಲಿ ಇದ್ದು ವಾಸಿ ಮಾಡಿಕೊಳ್ಳಿ. ಏಪ್ರಿಲ್ ಮಧ್ಯದಲ್ಲಿ ಬಂದು ಬಟ್ಟಲ ಪರೀಕ್ಷೆ ಕೊಡಿ. ಪಾಸಾದರೆ ಮೇಜು ನಿಮ್ಮದೇ.

ಪಾಸಾಗದಿದ್ದರೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬಟ್ಟಲ ಪರೀಕ್ಷೆ ಹೊಸಬರನ್ನು ತೆಗೆದುಕೊಳ್ಳುವಾಗ ನಾನೇ ಮಾಡುವುದು. ಒಂದು ಸಾಲಿಗೆ ಮೂರು ಬಟ್ಟಲು. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆಯದನ್ನು ತೋರಿಸಬೇಕು. ಎಷ್ಟು ಜನರನ್ನು ಫೇಲ್ ಮಾಡಿ ಮನೆಗೆ ಕಳಿಸಿದ್ದೇನೆ, ಬೆನ್ನು ತಟ್ಟಿ, ಬೇಜಾರು ಮಾಡ್ಕೋಬೇಡಿ ಎಂದು.

ಮಾರ್ಚ್ ೨೬

ಪೂರ್ತಿ ಬಿಟ್ಟೆ. ಈ ಸಲ ನಿಜವಾಗಿ.

ತಲೆನೋವು. ಕಣ್ಣಿನ ಹಿಂದೆ ಸುತ್ತಿಗೆ. ಮಧ್ಯಾಹ್ನ ಅಕ್ಕನ ಮೇಲೆ ರೇಗಿದೆ, ಮೆಷಿನ್ ಸದ್ದು ಜಾಸ್ತಿ ಎಂದು. ಅವಳು ಮೆಷಿನ್ ನಿಲ್ಲಿಸಿ ಕೈಯಲ್ಲೇ ಹೊಲಿಯತೊಡಗಿದಳು. ಅದನ್ನು ನೋಡಿ ಇನ್ನೂ ಸಂಕಟವಾಯಿತು.

ಬೆಳಿಗ್ಗೆ ಬೆಚ್ಚಗಿನ ನೀರು. ಹತ್ತು ಗಂಟೆಗೆ ಬಾರ್ಲಿ. ಮಧ್ಯಾಹ್ನ ಕರಬೂಜದ ಜ್ಯೂಸ್, ಸಕ್ಕರೆ ಇಲ್ಲದೆ. ಸಂಜೆ ಮತ್ತೆ ಬೆಚ್ಚಗಿನ ನೀರು. ಕಾಯಿಲೆಯವನ ದಿನಕ್ಕೆ ಅಂಚೇ ಇಲ್ಲ. ಕಾಫಿ ಇದ್ದಾಗ ಬೆಳಗು ಎಲ್ಲಿ ಶುರುವಾಗುತ್ತದೆ, ಕೆಲಸ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತಿತ್ತು. ಈಗ ಎಲ್ಲ ಒಂದೇ ಉಗುರುಬೆಚ್ಚಗೆ.

ಮಾರ್ಚ್ ೩೦

ಅಕ್ಕನೂ ಕಾಫಿ ಬಿಟ್ಟಿದ್ದಾಳೆ. ನನಗಾಗಿ. ನಿನಗಿಲ್ಲದ್ದು ನನಗ್ಯಾಕೆ ಅಂದಳು, ದೊಡ್ಡ ತ್ಯಾಗಿಯ ಹಾಗೆ. ಡಬ್ಬಗಳನ್ನೆಲ್ಲ ಅಟ್ಟಕ್ಕೆ ಸೇರಿಸಿದಳು.

ಇವತ್ತು ನನ್ನ ಅಂಗಿಯ ತೋಳು ಅಳೆಯಲು ಹತ್ತಿರ ಬಂದಳು. ಶಾಲಿನಿಂದ ಕಾಫಿ ವಾಸನೆ. ಅದೂ ಎಂಥ ಕಾಫಿ — ಅಗ್ಗದ ಪುಡಿ, ಅರ್ಧಕ್ಕರ್ಧ ಚಿಕೋರಿ, ಎರಡು ಸಲ ಕಾಯಿಸಿದ್ದು. ಪಕ್ಕದ ಮನೆ ಟೀಚರದು. ಕದ್ದು ಹೋಗಿ ಕುಡಿದು ಬರುತ್ತಿದ್ದಾಳೆ. ಬರುವಾಗ ಬಾಯಿಗೆ ಏಲಕ್ಕಿ ಹಾಕಿಕೊಂಡಿದ್ದಳು.

ನಕ್ಕುಬಿಟ್ಟೆ. ಎಷ್ಟೋ ದಿನದ ಮೇಲೆ. ಅವಳು ಸಿಕ್ಕಿಬಿದ್ದ ಮುಖ ಮಾಡಿದಳು. ಅಟ್ಟದಿಂದ ಡಬ್ಬ ಇಳಿಸಿ ಅವಳ ಕೈಗೆ ಕೊಟ್ಟೆ. ಕುಡಿಯುವುದಾದರೆ ಮನೆಯಲ್ಲೇ ಒಳ್ಳೆಯದು ಕುಡಿ, ನನ್ನ ಮಾನ ತೆಗೆಯಬೇಡ ಎಂದೆ. ಕುಡಿಯುವುದಿಲ್ಲ ಎಂದು ಹಟ ಹಿಡಿದಳು. ಆಮೇಲೆ ಮಾಡಿಕೊಂಡಳು. ಹಿತ್ತಲ ಬಾಗಿಲು ಹಾಕಿಕೊಂಡು ಹೊರಗೆ ಕೂತು ಕುಡಿದಳು, ನನಗೆ ವಾಸನೆ ಬಾರದಿರಲೆಂದು. ಬಂತು.

ಮೂಗು ಚೆನ್ನಾಗಿಯೇ ಇದೆ. ಅದೇ ಹೊಟ್ಟೆ ಉರಿಸುವುದು.

ಏಪ್ರಿಲ್ ೫

ಉರಿ ಇಲ್ಲ. ಬರೆಯಲು ಭಯ, ಆದರೂ ಬರೆಯುತ್ತೇನೆ. ನಿನ್ನೆಯೂ ಇರಲಿಲ್ಲ. ಇಟ್ಟಿಗೆಯ ಮೇಲಿನ ಮಂಚದಲ್ಲಿ ಜಾರದೆ ಮಲಗುವುದೂ ಕಲಿತೆ, ಮೊಣಕಾಲ ಕೆಳಗೆ ದಿಂಬು ಇಟ್ಟುಕೊಂಡು.

ಏಳುವಾಗ ಬಾಯಿ ಹುಳಿ ಇರಲಿಲ್ಲ. ಬಾಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಸಿಗೆಯಲ್ಲೇ ಕೂತಿದ್ದೆ. ಈ ಖಾಲಿ ಬಾಯಿ ಯಾರದೋ ಅನ್ನಿಸಿತು. ಬಹುಶಃ ಹೀಗೆಯೇ ಶುರುವಾಗಬಹುದು. ಮೊದಲು ಖಾಲಿ, ಆಮೇಲೆ ಒಂದೊಂದೇ ವಾಪಸ್.

ಏಪ್ರಿಲ್ ೮

ಅಕ್ಕನಿಗೆ ಹೇಳಿ ಮೂರು ಲೋಟ ನೀರು ಇಡಿಸಿದೆ. ಒಂದರಲ್ಲಿ ನಿಂಬೆಯ ಎರಡು ಹನಿ. ಬೆನ್ನು ತಿರುಗಿಸಿ ಕೂತೆ. ಕುಡಿದೆ. ಮಧ್ಯದ್ದು ಎಂದೆ. ನಿಂಬೆ ಇದ್ದದ್ದು ಎಡಗಡೆಯದರಲ್ಲಿ. ಮತ್ತೆ ಇಡಿಸಿದೆ. ತಪ್ಪು. ಮತ್ತೆ. ತಪ್ಪು. ಹನಿ ಹೆಚ್ಚಿಸಿದ ಮೇಲೆ ಒಂದು ಸಲ ಸರಿ ಬಂತು. ಅಕ್ಕ ಕುಣಿದಾಡುವಷ್ಟು ಖುಷಿಪಟ್ಟಳು. ಎಷ್ಟು ಹಿಂಡಿದೆ ಎಂದು ಕೇಳಿದೆ. ಹೇಳಲಿಲ್ಲ. ಕಸದ ತೊಟ್ಟಿಯಲ್ಲಿ ನೋಡಿದೆ. ಇಡೀ ಹಣ್ಣು ಹಿಂಡಿದ ಸಿಪ್ಪೆ.

ಏಪ್ರಿಲ್ ೧೨

ಮತ್ತೆ ಟ್ಯೂಬ್. ಡಾಕ್ಟರಿಗೆ ಖುಷಿಯೋ ಖುಷಿ. ಅನ್ನನಾಳ ಮಗುವಿನದ್ದರ ಹಾಗೆ ಆಗಿದೆ ಅಂದರು. ಗಾಯ ಮಾಯ. ಹೀಗೇ ಇದ್ದರೆ ಮುಂದಿನ ತಿಂಗಳಿಂದ ಬೆಳಿಗ್ಗೆ ತಿಂಡಿಯ ಮೇಲೆ ಒಂದು ಸಣ್ಣ ಲೋಟ ಕಾಫಿ ಕುಡಿಯಬಹುದು, ಪರವಾಗಿಲ್ಲ ಎಂದರು. ವರ ಕೊಟ್ಟ ಹಾಗೆ ಹೇಳಿದರು ಪಾಪ.

ನಾಲಿಗೆಯ ಬಗ್ಗೆ ಕೇಳಿದೆ. ಬರಬಹುದು ಅಂದರು. ಬಾರದೆಯೂ ಇರಬಹುದು. ಆಸಿಡ್ ಒಂದೇ ಕಾರಣ ಅಂತ ಹೇಳುವುದಕ್ಕಾಗುವುದಿಲ್ಲ. ವಯಸ್ಸೂ ಇದೆಯಲ್ಲ ಎಂದರು. ಅದು ತಮ್ಮ ವಿಷಯ ಅಲ್ಲ ಎಂಬಂತೆ ಕೈ ತೊಳೆಯಲು ಎದ್ದರು.

ಏಪ್ರಿಲ್ ೧೬

ಬೆಳಿಗ್ಗೆ ಬೇಗ ಹೋದೆ. ಏನೂ ತಿಂದಿರಲಿಲ್ಲ, ನೀರು ಮಾತ್ರ. ಐದು ಸಾಲು ಇಟ್ಟಿದ್ದರು. ಇಟ್ಟವಳು ಗುಬ್ಬಿ, ಬೇರೆ ಯಾರಿಗೆ ಬರುತ್ತದೆ ಇಡಲು. ಮ್ಯಾನೇಜರ್ ಕಿಟಕಿಯ ಹತ್ತಿರ, ಪೆನ್ನು ಹಿಡಿದು. ಅವನ ಕಾಲು ಅಲುಗುತ್ತಿತ್ತು.

ಮೊದಲ ಸಾಲು ಸಿಕ್ಕಿತು. ಹುರಿದದ್ದರಲ್ಲಿ ವ್ಯತ್ಯಾಸ, ಮೂಗೇ ಹೇಳಿತು. ಧೈರ್ಯ ಬಂತು.

ಎರಡನೆಯ ಸಾಲು. ಹುಳಿಯದು, ಗೊತ್ತು ನನಗೆ, ಯಾವಾಗಲೂ ಎರಡನೆಯದು ಹುಳಿಯದೇ. ಎಳೆದೆ. ಉಗುಳಿದೆ. ಎಳೆದೆ. ಮೂರೂ ಒಂದೇ. ಬಾಯಿ ತೊಳೆದು ಮತ್ತೆ ಎಳೆದೆ. ಬಿಸಿ, ಕಹಿ, ತೆಳ್ಳನೆ ಸಿಹಿ. ಮೂರರಲ್ಲೂ.

ಆಗ ಕಂಡಿತು. ಪ್ರತಿ ಬಟ್ಟಲ ಪಕ್ಕ ಚಮಚ. ಎಡಗಡೆಯ ಬಟ್ಟಲ ಚಮಚ ಬೋರಲು ಬಿದ್ದಿತ್ತು. ನಮ್ಮ ಮೇಜಿನಲ್ಲಿ ಯಾರೂ ಚಮಚ ಬೋರಲು ಇಡುವುದಿಲ್ಲ, ನಾನು ಬೈಯುತ್ತೇನೆ. ಮೂರನೆಯ ಸಾಲು ನೋಡಿದೆ. ಮಧ್ಯದ ಚಮಚ ಬೋರಲು. ನಾಲ್ಕನೆಯದರಲ್ಲಿ ಬಲಗಡೆಯದು. ಐದನೆಯದರಲ್ಲಿಯೂ ಒಂದು. ತಲೆ ಎತ್ತಿದೆ. ಗುಬ್ಬಿ ಗೋಡೆಯನ್ನು ನೋಡುತ್ತಿದ್ದಳು. ಕಿವಿ ಕೆಂಪಗಿತ್ತು.

ಬಾಯಿಗೆ ಬಂತು, ಎಡಗಡೆಯದು ಎಂದು ಹೇಳಲು. ಸುಳ್ಳಲ್ಲ, ಪೂರ್ತಿ ಬಂತು, ನಾಲಿಗೆಯ ತುದಿಗೆ. ಹೇಳಿದ್ದರೆ ಮೇಜು ನನ್ನದೇ. ನಾಳೆಯಿಂದ ಮತ್ತೆ ಮೊದಲ ಮಾತು ನನ್ನದು. ಅವಳು ಮತ್ತೆ ವಾಪಸ್ ಹೋಗಿ ಕುಡಿದು, ತಿದ್ದಿಕೊಂಡು, ತನ್ನದನ್ನು ಒಂದೊಂದೇ ಚಮಚ ಕೊಂದುಕೊಳ್ಳುತ್ತಾಳೆ.

ಎಡಗಡೆಯ ಚಮಚ ತಿರುಗಿಸಿ ಮೇಲ್ಮುಖವಾಗಿ ಇಟ್ಟೆ. ಆಮೇಲೆ ಮೂರನೆಯ ಸಾಲಿನದು. ನಾಲ್ಕನೆಯದು. ಐದನೆಯದು. ಮ್ಯಾನೇಜರಿಗೆ ಅರ್ಥವಾಗಲಿಲ್ಲ, ಪೆನ್ನು ಹಿಡಿದು ಕಾಯುತ್ತಿದ್ದ. ಗೊತ್ತಾಗುತ್ತಿಲ್ಲ ಎಂದೆ ಅವನಿಗೆ. ಉಳಿದವನ್ನು ನೋಡುವ ಅಗತ್ಯವಿಲ್ಲ.

ಏಪ್ರನ್ ಬಿಚ್ಚುವಾಗ ಗುಬ್ಬಿ ಹಿಂದೆಯೇ ಬಂದಳು. ಅಳುತ್ತಿದ್ದಳು. ಬೈಯಬೇಕೆಂದಿದ್ದೆ ಚಮಚದ ಬಗ್ಗೆ. ಆಗಲಿಲ್ಲ.

"ನೋಡಮ್ಮ, ಇನ್ಮೇಲೆ ನಿನಗೆ ಹುಳಿ ಅನ್ಸಿದ್ರೆ ಅದು ಹುಳಿ. ಯಾರನ್ನೂ ಕೇಳ್ಬೇಡ."

"ನನಗೆ ಧೈರ್ಯ ಬರಲ್ಲ ಸರ್. ನಿಜವಾಗ್ಲೂ ಅನ್ಸಿದ್ದೋ, ನಾನೇ ಅಂದ್ಕೊಂಡಿದ್ದೋ, ಗೊತ್ತೇ ಆಗಲ್ಲ ಈಗ."

ಬರುತ್ತೆ ಎಂದೆ. ಡಾಕ್ಟರ್ ನನಗೆ ಹೇಳಿದ ದನಿಯಲ್ಲೇ ಹೇಳಿದೆ.

ಏಪ್ರಿಲ್ ೧೭

ಮ್ಯಾನೇಜರ್ ಫೋನ್ ಮಾಡಿದ. ಗೋದಾಮಿನ ಉಸ್ತುವಾರಿಗೆ ಒಬ್ಬರು ಬೇಕು, ಮರ್ಯಾದೆಯ ಕೆಲಸ ಸರ್ ಅಂದ. ಮೂಟೆ ಎಣಿಸುವುದು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಏನು ಯೋಚನೆ. ಹೋಗುತ್ತೇನೆ.

ಇಡೀ ದಿನ ಮಲಗಿದ್ದೆ. ಉರಿ ಒಂದು ಚೂರೂ ಇಲ್ಲ. ಉರಿ ಇದ್ದಾಗ ಬಯ್ಯಲು ಒಂದಾದರೂ ಇತ್ತು.

ಮೇ ೨, ಬೆಳಿಗ್ಗೆ

ಡಾಕ್ಟರ್ ಹೇಳಿದ ಮುಂದಿನ ತಿಂಗಳು ಬಂದಿದೆ. ಇವತ್ತಿನಿಂದ ಒಂದು ಸಣ್ಣ ಲೋಟಕ್ಕೆ ಅನುಮತಿ. ನನಗೆ ನೆನಪೇ ಇರಲಿಲ್ಲ. ಅಕ್ಕನಿಗೆ ಇತ್ತು. ಎಲ್ಲ ಜೋಡಿಸಿಟ್ಟಿದ್ದಳು ಒಲೆಯ ಪಕ್ಕ — ಹದವಾಗಿ ಹುರಿದದ್ದು, ಕಪ್ಪಗೆ ಹುರಿದದ್ದು, ಹಾಲು, ಬಾರ್ಲಿ, ಶುಂಠಿ. ಮದುವೆಮನೆಯ ಹಾಗೆ.

ಏನ್ ಕುಡೀತೀಯೋ ಎಂದು ಒಳಗಿನಿಂದಲೇ ಕೇಳಿದಳು. ಹಬೆಯಾಡುವ ನೀರಿನ ಸದ್ದು.

"ಏನಾದ್ರೂ ಕೊಡಕ್ಕ" ಎಂದೆ.

ಒಲೆ ಆರಿದ ಸದ್ದು. ಹೊರಗೆ ಬಂದು ನನ್ನ ಮುಖ ನೋಡಿದಳು. ಚಿಕ್ಕವನಿದ್ದಾಗ ಹಾಲಿನ ಲೋಟದ ತಳದಲ್ಲಿ ಸಕ್ಕರೆ ಕರಗಿಲ್ಲ ಎಂದು ವಾಪಸ್ ಕಳಿಸುತ್ತಿದ್ದವನು ನಾನು. ಅವಳು ಮಾಡಿದ್ದಕ್ಕೆಲ್ಲ ತಕರಾರು ತೆಗೆಯುತ್ತ ಐವತ್ತು ದಾಟಿದವನು. ಏನಾದರೂ ಎಂಬ ಮಾತನ್ನು ನನ್ನ ಬಾಯಲ್ಲಿ ಅವಳು ಕೇಳಿಯೇ ಇಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭಾವ ಹೋದಾಗಲೂ ನನ್ನೆದುರು ಅತ್ತವಳಲ್ಲ. ಕಾಫಿ ಕೊಡು, ಕಾಫಿಯೇ ಬೇಕು, ಹದವಾಗಿ ಹುರಿದದ್ದು, ಎಂದೆ ಗಡಿಬಿಡಿಯಲ್ಲಿ. ಸುಮ್ಮನೆ ಹೇಳಿದ್ದೆಂದು ಅವಳಿಗೂ ಗೊತ್ತಾಯಿತು. ನಿಜವಾಗಿ ಏನು ಬೇಕು ಹೇಳೋ, ಬಾಯಿ ಬಿಟ್ಟು ಹೇಳು ಎಂದಳು. ಯೋಚಿಸಿದೆ. ಪ್ರಾಮಾಣಿಕವಾಗಿ ಯೋಚಿಸಿದೆ. ನನಗೆ ಬೇಕಾದದ್ದು — ಇಲ್ಲಿಗೆ ಬಂದು ಪೆನ್ನು ನಿಂತಿದೆ, ಮುಂದಿನ ಪದ ಸಿಗುತ್ತಿಲ್ಲ.